ಘಟ್ಟದ ಕೆಳಗಿನ ಸಾಂತೋಸ್

ಮಂಜರಾಬಾದ್ ಕೋಟೆಯ ಮೇಲೆ ನಿಂತು ಪಶ್ಚಿಮಕ್ಕೆ ಕೈ ತೋರಿಸಿ, "ಆಕಾಶ ತಿಳಿಯಾಗಿದ್ದರೆ ಅಲ್ಲಿ ಕಡಲು ಕಾಣುತ್ತದೆ" ಎಂದು ನಾನು ಇಪ್ಪತ್ತೇಳು ವರ್ಷಗಳಿಂದ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ನಾವು ಹೋದ ದಿನ ಮಾತ್ರ ಒಮ್ಮೆಯೂ ಆಕಾಶ ತಿಳಿಯಾಗಿರಲಿಲ್ಲ. ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ, ಎಂಟು ಮೂಲೆಯ ನಕ್ಷತ್ರದಂತಿರುವ ಆ ಕೋಟೆ ಮಂಗಳೂರಿನ ದಾರಿಯನ್ನು ಕಾಯಲೆಂದು ನಿಂತದ್ದು. ಆದರೆ ಮಂಜು ಯಾವ ಸುಲ್ತಾನನ ಮಾತನ್ನೂ ಕೇಳುವುದಿಲ್ಲ. ಕಳೆದ ನವೆಂಬರಿನಲ್ಲಿ ಎಂಟನೆಯ ತರಗತಿಯ ಹುಡುಗನೊಬ್ಬ ತಣ್ಣಗೆ ಕೇಳಿದ: "ಸಾರ್, ನೀವು ನೋಡಿದೀರಾ?"

"ಇಲ್ಲ ಕಣಪ್ಪ" ಎಂದೆ. ವಿಜ್ಞಾನದ ಮೇಷ್ಟ್ರು ಕಾಣದ್ದನ್ನು ಕಂಡೆನೆಂದು ಹೇಳಬಾರದು. ಆದರೆ ಇಷ್ಟು ವರ್ಷ ಅದನ್ನೇ ಅರ್ಧ ಹೇಳಿದಂತಾಗಿತ್ತಲ್ಲ ಎಂದು ಒಳಗೇ ಮುಜುಗರವಾಯಿತು.

ಹಿಂದಿನಿಂದ ಇನ್ನೊಂದು ದನಿ ಬಂತು: "ಕಡಲು ಬೇಡ ಸಾರ್, ಹಡಗು ತೋರಿಸಿ."

ಹೀಗೆ ಶುರುವಾಯಿತು ನಮ್ಮ ಮಂಗಳೂರು ಪ್ರವಾಸ. ಚಳಿಗಾಲದ ತಿಂಗಳುಗಳಲ್ಲಿ ಪಣಂಬೂರಿನ ನವಮಂಗಳೂರು ಬಂದರಿಗೆ ದೇಶ ಸುತ್ತುವ ಪ್ರವಾಸಿ ಹಡಗುಗಳು ಬರುತ್ತವೆ. ಬೆಳಿಗ್ಗೆ ಬಂದು, ಪಯಣಿಗರನ್ನು ಊರು ನೋಡಲು ಇಳಿಸಿ, ಸಂಜೆಗೆ ಹೊರಟುಬಿಡುತ್ತವೆ. ಅಂಥ ಒಂದು ದಿನವನ್ನು ನೋಡಿಕೊಂಡು ಹೊರಡುವುದೆಂದು ಶಾಲೆಯಲ್ಲಿ ತೀರ್ಮಾನವಾಯಿತು. ಇಪ್ಪತ್ತೆರಡು ಮಕ್ಕಳು, ಇಬ್ಬರು ಮೇಷ್ಟ್ರು.

ತೊಂದರೆ ಬಂದದ್ದು ತಿಂಗಳಿನಿಂದ. ಡಿಸೆಂಬರ್ ಎಂದರೆ ನಮ್ಮ ಕಡೆ ಕಾಫಿ ಕುಯ್ಲು. "ಕಣದಲ್ಲಿ ಹಣ್ಣು ಹರಡೋಕೆ ಜನ ಇಲ್ಲ, ನೀವು ಹುಡುಗರನ್ನ ಹಡಗು ನೋಡೋಕೆ ಕರ್ಕೊಂಡು ಹೋಗ್ತೀರಲ್ಲ ಮೇಷ್ಟ್ರೇ" ಎಂದರು ಒಬ್ಬ ಬೆಳೆಗಾರರು. ಅವರ ಮಾತಿನಲ್ಲಿ ತಪ್ಪಿಲ್ಲ. ನಾನೂ ಮೂರು ಎಕರೆ ಕಾಫಿ ತೋಟದ ಮನೆಯಲ್ಲಿ ಹುಟ್ಟಿದವನೇ.

ನಮ್ಮ ಶಾಲೆಯಲ್ಲಿ ಈಗ ತೋಟದ ಕೆಲಸಕ್ಕೆ ಅಸ್ಸಾಮಿನಿಂದ ಬಂದ ಕುಟುಂಬಗಳ ಮಕ್ಕಳೂ ಓದುತ್ತಾರೆ. ಅವರಲ್ಲಿ ಒಬ್ಬ ಹುಡುಗಿ ನಮ್ಮವರಷ್ಟೇ ಚೆನ್ನಾಗಿ ಕನ್ನಡ ಮಾತಾಡುತ್ತಾಳೆ, ಗಣಿತದಲ್ಲಿ ಮುಂದು. ಅವಳ ತಾಯಿಯನ್ನು ಕೇಳಲು ಲೈನ್ ಮನೆಗೆ ಹೋದಾಗ ಆಕೆ ಅರೆಬರೆ ಕನ್ನಡದಲ್ಲಿ ಹೇಳಿದರು: "ಹೋಗಲಿ ಸಾರ್. ಕುಯ್ಲು ಮುಗಿದ ಮೇಲೆ ನಾವು ಇಲ್ಲಿರ್ತೀವೋ ಇಲ್ವೋ." ಆ ಮಾತು ಪ್ರವಾಸದುದ್ದಕ್ಕೂ ನನ್ನ ಜೊತೆಗೇ ಬಂತು.

ಇಳಿಯುವ ದಾರಿ

ಮಧ್ಯಾಹ್ನದ ಹಗಲು ರೈಲು ಹತ್ತುವ ಮೊದಲು ಪ್ರತಿಯೊಬ್ಬರಿಗೂ ಒಂದು ಕೆಲಸ ಕೊಟ್ಟೆ. ಒಂದು ಲೀಟರಿನ ಖಾಲಿ ನೀರಿನ ಬಾಟಲಿಯ ಮುಚ್ಚಳವನ್ನು ಸಕಲೇಶಪುರ ನಿಲ್ದಾಣದಲ್ಲೇ ಬಿಗಿಯಾಗಿ ತಿರುಗಿಸಿ ಚೀಲದಲ್ಲಿಟ್ಟುಕೊಳ್ಳಬೇಕು. ಮಂಗಳೂರಿನವರೆಗೆ ತೆರೆಯಬಾರದು. ಏಕೆಂದು ಕೇಳಬಾರದು.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣಕ್ಕೆ ಸುಮಾರು 55 ಕಿಲೋಮೀಟರ್. ಅಷ್ಟರೊಳಗೆ ಹಳಿ 700 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತದೆ. ದೋಣಿಗಾಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು ಎಂದು ಕಾಡಿನೊಳಗಿನ ಪುಟ್ಟ ನಿಲ್ದಾಣಗಳು. ಸುರಂಗಗಳು 57. ಮಕ್ಕಳು ಪ್ರತಿ ಸುರಂಗದಲ್ಲೂ ಕೂಗಿ ಎಣಿಸಿದರು. ಕೊನೆಗೆ ಒಂದು ಗುಂಪಿನ ಲೆಕ್ಕ 54, ಇನ್ನೊಂದು ಗುಂಪಿನದು 59. ಪ್ರಯೋಗದಲ್ಲಿ ದೋಷ ಹೇಗೆ ನುಸುಳುತ್ತದೆಂಬ ಪಾಠ ತಾನಾಗಿಯೇ ಆಯಿತು.

ಈ ಹಳಿಯ ಇಳಿಜಾರು 50ಕ್ಕೆ 1. ಅಂದರೆ ನೂರು ಮೀಟರ್ ಮುಂದೆ ಹೋದರೆ ಎರಡು ಮೀಟರ್ ಇಳಿತ. ಕೇಳಲು ಅಲ್ಪವೆನಿಸಿದರೂ ರೈಲಿಗೆ ಇದು ಬಲು ಕಡಿದು. ಹಾಸನ–ಮಂಗಳೂರು ಮೀಟರ್ ಗೇಜ್ ಮಾರ್ಗ 1979ರಲ್ಲಿ ಪೂರ್ಣವಾಯಿತು. ಆಮೇಲೆ ಬ್ರಾಡ್‌ಗೇಜ್ ಮಾಡಲೆಂದು ವರ್ಷಗಟ್ಟಲೆ ನಿಂತು, 2007ರ ಡಿಸೆಂಬರಿನಲ್ಲಿ ಪ್ರಯಾಣಿಕರ ರೈಲು ಮತ್ತೆ ಓಡಿತು. ಮಳೆಗಾಲದಲ್ಲಿ ಗುಡ್ಡ ಕುಸಿದರೆ ಇಂದೂ ನಿಲ್ಲುತ್ತದೆ. 2018ರ ಆಗಸ್ಟಿನಲ್ಲಿ ವಾರಗಟ್ಟಲೆ ನಿಂತಿತ್ತು. 2024ರ ಜುಲೈ ಕೊನೆಯಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣೇ ಜಾರಿತ್ತು.

ಇಲ್ಲಿ ಮಕ್ಕಳಿಗೆ ಇನ್ನೊಂದು ಘಟ್ಟದ ಕಥೆ ಹೇಳಿದೆ. ಭೂಮಿಯ ಆ ಮಗ್ಗುಲಲ್ಲಿ, ಬ್ರೆಜಿಲ್ ದೇಶದಲ್ಲಿ, ನಮ್ಮದರಂತೆಯೇ ಕಡಲಂಚಿಗೆ ಗೋಡೆಯ ಹಾಗೆ ನಿಂತ ಬೆಟ್ಟಸಾಲಿದೆ. ಹೆಸರು ಸೆರ್ರಾ ದೊ ಮಾರ್, ಅಂದರೆ 'ಕಡಲ ಬೆಟ್ಟಸಾಲು'. ಮೇಲಿನ ಪ್ರಸ್ಥಭೂಮಿಯಲ್ಲಿ ಸಾವೊ ಪೌಲೊ, ಕೆಳಗೆ ಸಾಂತೋಸ್ ಬಂದರು. ಮೇಲೆ ಕಾಫಿ, ಕೆಳಗೆ ಹಡಗು. ಮೇಲಿನ ಕಾಫಿಯನ್ನು ಕೆಳಗಿನ ಹಡಗಿಗೆ ಮುಟ್ಟಿಸಲು ಇಂಗ್ಲಿಷ್ ಕಂಪನಿಯೊಂದು ಹಾಕಿದ ರೈಲುಹಾದಿ 1867ರಲ್ಲಿ ತೆರೆಯಿತು. ಸುಮಾರು 800 ಮೀಟರ್ ಇಳಿತವನ್ನು ಅವರು ನಮ್ಮಂತೆ ಸುತ್ತಿ ಬಳಸಿ ಇಳಿಸಲಿಲ್ಲ. 10ಕ್ಕೆ 1ರ ಇಳಿಜಾರಿನಲ್ಲಿ ನೇರವಾಗಿ, ಬಾವಿಯಿಂದ ಕೊಡ ಸೇದುವ ಹಾಗೆ, ಉಗಿಯಂತ್ರಕ್ಕೆ ಉಕ್ಕಿನ ಹಗ್ಗ ಕಟ್ಟಿ ಬೋಗಿಗಳನ್ನು ಇಳಿಸಿದರು, ಏರಿಸಿದರು. "ಹಗ್ಗ ಕಡಿದರೆ ಸಾರ್?" ಎಂದಿತು ಒಂದು ಗಂಟಲು. ಅದೇ ಹೊತ್ತಿಗೆ ಸುರಂಗ ಬಂದು ಉತ್ತರ ಉಳಿಯಿತು.

ಸುಬ್ರಹ್ಮಣ್ಯ ರೋಡ್ ದಾಟಿದ ಮೇಲೆ ಗಾಳಿ ಬಿಸಿಯಾಯಿತು, ಸ್ವೆಟರುಗಳು ಚೀಲ ಸೇರಿದವು. ಕಿಟಕಿಯಾಚೆ ಗಿಡಗಳೂ ಬದಲಾದವು. ಸಾಲಾಗಿ ನಿಂತು ಕಾಂಡಕ್ಕೆ ಚಿಪ್ಪು ಕಟ್ಟಿಸಿಕೊಂಡ ರಬ್ಬರ್ ಮರಗಳು, ಗುಡ್ಡದ ಮೇಲೆ ಗೇರು, ಹಿತ್ತಿಲಲ್ಲಿ ಅನಾನಸ್. "ಇದೇ ನೋಡಿ ದಕ್ಷಿಣ ಅಮೆರಿಕ" ಎಂದೆ. ನಗುತ್ತಾರೆಂದು ಗೊತ್ತಿತ್ತು. ಆದರೆ ಮಾತು ನಿಜ. ರಬ್ಬರ್ ಅಮೆಜಾನ್ ಕಾಡಿನ ಮರ. 1876ರಲ್ಲಿ ಅದರ ಬೀಜ ಇಂಗ್ಲೆಂಡಿಗೆ ಹೋಗಿ, ಅಲ್ಲಿಂದ ಏಷ್ಯಾಕ್ಕೆ ಬಂತು. ಗೇರನ್ನು ಬ್ರೆಜಿಲ್‌ನಿಂದ ತಂದವರು ಪೋರ್ಚುಗೀಸರು. 'ಕಾಜು' ಎಂಬ ಹೆಸರೂ 'ಅನಾನಸ್' ಎಂಬ ಹೆಸರೂ ಅಲ್ಲಿಯ ಮೂಲನಿವಾಸಿಗಳ ನುಡಿಯಿಂದಲೇ ಬಂದವು. ನಮ್ಮ ಹಾಸನ, ಆಲೂರು ಕಡೆ ಮಳೆಗಾಲದಲ್ಲಿ ಬೆಳೆಯುವ ಆಲೂಗಡ್ಡೆ ಹುಟ್ಟಿದ್ದು ಆಂಡೀಸ್ ಪರ್ವತದಲ್ಲಿ. "ಹಾಗಾದರೆ ಆಲೂರಿಗೆ ಆ ಹೆಸರು ಆಲೂಗಡ್ಡೆಯಿಂದ ಬಂತಾ ಸಾರ್?" ಎಂದು ಆಲೂರಿನ ಹುಡುಗನೇ ಕೇಳಿದ. ಊರು ಹಳೆಯದು, ಗಡ್ಡೆ ಹೊಸದು ಎಂದು ಸಮಾಧಾನ ಹೇಳಬೇಕಾಯಿತು.

ಇದರ ಹಿಂದೆ ಒಂದು ನಂಟಿದೆ. 1500ರ ಏಪ್ರಿಲ್‌ನಲ್ಲಿ ಬ್ರೆಜಿಲ್ ದಡ ಮುಟ್ಟಿದ ಪೋರ್ಚುಗೀಸ್ ನಾವಿಕ ಕಬ್ರಾಲ್ ಹೊರಟದ್ದು ಬ್ರೆಜಿಲ್‌ಗಲ್ಲ, ಕಲ್ಲಿಕೋಟೆಗೆ. ಅದೇ ಯಾನದಲ್ಲಿ ಅದೇ ವರ್ಷ ಅವನ ಹಡಗುಗಳು ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿದವು. ಅಂದರೆ ನಮ್ಮ ಕರಾವಳಿಯೂ ಬ್ರೆಜಿಲ್ ಕರಾವಳಿಯೂ ಒಂದೇ ಯಾನದ ಎರಡು ತಂಗುದಾಣಗಳು.

ಮಂಗಳೂರು ಜಂಕ್ಷನ್‌ನಲ್ಲಿ ಇಳಿದು ಬಾಟಲಿಗಳನ್ನು ತೆಗೆಸಿದೆ. ಇಪ್ಪತ್ತೆರಡು ಬಾಟಲಿಗಳೂ ಯಾರೋ ಹಿಂಡಿದಂತೆ ಒಳಕ್ಕೆ ಕುಸಿದಿದ್ದವು. ಯಾರೂ ಮುಟ್ಟಿರಲಿಲ್ಲ. ಹಿಂಡಿದ್ದು ಗಾಳಿ. ನಮ್ಮೂರಿಗಿಂತ ಕಡಲ ಮಟ್ಟದಲ್ಲಿ ಗಾಳಿಯ ಒತ್ತಡ ಹೆಚ್ಚುಕಡಿಮೆ ಹತ್ತನೆಯ ಒಂದು ಪಾಲು ಜಾಸ್ತಿ. ನಮ್ಮಲ್ಲಿ ನೀರು 97 ಡಿಗ್ರಿಗೇ ಕುದಿಯಲು, ಇಳಿಯುವಾಗ ಕಿವಿ ಗಪ್ಪೆನ್ನಲು ಇದೇ ಕಾರಣ. ಹತ್ತು ಪುಟದ ಪಾಠವನ್ನು ಒಂದು ಖಾಲಿ ಬಾಟಲಿ ಹೇಳಿತು.

ಒಂದು ದಿನದ ಊರು

ಆ ರಾತ್ರಿ ನನ್ನ ಜೊತೆ ಬಿ.ಎಡ್. ಓದಿದ ಗೆಳೆಯರೊಬ್ಬರ ಶಾಲೆಯಲ್ಲಿ ಮಲಗಿದೆವು. ಬೆಳಿಗ್ಗೆ ಮೊದಲು ಬಂದರ್, ಅಂದರೆ ಹಳೆಯ ಬಂದರು. ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಅಳಿವೆಯ ಒಳಗೆ ಮೀನು ದೋಣಿಗಳ ಸಾಲು. ನಮ್ಮ ಕೆಂಪುಹೊಳೆ ಗುಂಡ್ಯ ಹೊಳೆಯಾಗಿ, ಕುಮಾರಧಾರೆ ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯಾಗಿ ಕೊನೆಗೆ ಮುಟ್ಟುವುದು ಇಲ್ಲಿಗೇ. ಮಕ್ಕಳು ಬಗ್ಗಿ ನೀರು ಮುಟ್ಟಿದರು. ನೆಂಟರನ್ನು ಕಂಡವರಂತೆ ಇತ್ತು ಮುಖ.

ಆಮೇಲೆ 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ಕುದ್ರೋಳಿ ಗೋಕರ್ಣನಾಥ ದೇವಸ್ಥಾನ, ಅಲ್ಲಿಂದ ಸಂತ ಅಲೋಶಿಯಸ್ ಚಾಪೆಲ್. ಗೋಡೆ ಮಾಡಿನ ತುಂಬ ಇಟಲಿಯ ಆಂಟೋನಿಯೊ ಮೊಶೇನಿ ಬರೆದ ಚಿತ್ರಗಳು. ಹಡಗಿನ ಪಯಣಿಗರು ಬಸ್ಸುಗಳಲ್ಲಿ ಬಂದು ಇಳಿದದ್ದು ಅಲ್ಲೇ. ಕೊರಳಲ್ಲಿ ಚೀಟಿ, ತಲೆಗೆ ಟೋಪಿ, ಹೆಚ್ಚಿನವರು ಎಪ್ಪತ್ತು ದಾಟಿದವರು. ಅವರಿಗೆ ಮಂಗಳೂರೆಂದರೆ ಬೆಳಿಗ್ಗೆಯಿಂದ ಸಂಜೆಯವರೆಗಿನ ಒಂದು ಊರು. ನಾಳೆ ಇನ್ನೊಂದು.

ಇಂಗ್ಲೆಂಡಿನ ಒಬ್ಬ ವೃದ್ಧೆ ಮಕ್ಕಳ ಸಮವಸ್ತ್ರ ನೋಡಿ ಯಾವ ಊರೆಂದು ಕೇಳಿದರು. ಮಕ್ಕಳು ಒಬ್ಬರ ಹಿಂದೊಬ್ಬರು ಅಡಗಿದರು. ಬೆಟ್ಟದ ಮೇಲಿನ ಕಾಫಿ ಸೀಮೆ ಎಂದು ನಾನು ಹೇಳುತ್ತಿದ್ದಂತೆ ಒಬ್ಬ ಹುಡುಗ ಚಡ್ಡಿ ಜೇಬಿನಿಂದ ನಾಲ್ಕು ಕೆಂಪು ಕಾಫಿ ಹಣ್ಣು ತೆಗೆದು ಆಕೆಯ ಅಂಗೈಗೆ ಹಾಕಿದ! ಯಾವಾಗ ತುಂಬಿಕೊಂಡಿದ್ದನೋ. ಆಕೆ ಹಣ್ಣು ಹಿಚುಕಿ, ಲೋಳೆಯೊಳಗಿನ ಜೋಡಿ ಬೀಜ ನೋಡಿ, ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದರು: ಎರಡು ವರ್ಷದ ಹಿಂದೆ ದಕ್ಷಿಣ ಅಮೆರಿಕ ಸುತ್ತಿದಾಗ ಸಾಂತೋಸ್‌ನಲ್ಲೂ ಹೀಗೆಯೇ ಒಂದು ದಿನ ಇಳಿದಿದ್ದರಂತೆ. "ಎಲ್ಲ ಬಂದರಿನಲ್ಲೂ ನನಗೆ ಲೋಟದಲ್ಲಿರುವ ಕಾಫಿ ತೋರಿಸುತ್ತಾರೆ. ಅದು ಇಳಿದು ಬಂದ ಬೆಟ್ಟವನ್ನು ನೋಡಲು ಹೊತ್ತೇ ಸಾಲುವುದಿಲ್ಲ" ಎಂದರು.

ಆಕೆಯ ಮೊಬೈಲಿನಲ್ಲಿ ಸಾಂತೋಸ್ ಚಿತ್ರಗಳಿದ್ದವು. ಇಪ್ಪತ್ತೆರಡು ತಲೆಗಳು ಆ ಅಂಗೈಯಗಲದ ಗಾಜಿನ ಮೇಲೆ ಬಾಗಿದವು. 1922ರಲ್ಲಿ ಕಟ್ಟಿದ ಕಾಫಿ ವಿನಿಮಯ ಕೇಂದ್ರದ ಭವ್ಯ ಕಟ್ಟಡ. ಒಂದು ಕಾಲಕ್ಕೆ ಕಾಫಿಯ ದರ ಕೂಗುತ್ತಿದ್ದ ಆ ಸಭಾಂಗಣ ಈಗ ಕಾಫಿ ವಸ್ತುಸಂಗ್ರಹಾಲಯ. ಐದು ಕಿಲೋಮೀಟರಿಗೂ ಉದ್ದದ ಕಡಲತಡಿಯ ಹೂದೋಟ. ಪೆಲೆ ಆಡಿದ ಸಾಂತೋಸ್ ಕ್ಲಬ್ಬಿನ ಹೆಸರು ಕೇಳಿ ಗಂಡುಹುಡುಗರೆಲ್ಲ ಚುರುಕಾದರು. ಮಕ್ಕಳು ಬಾಯಿ ಬಿಟ್ಟದ್ದು ಇನ್ನೊಂದು ಚಿತ್ರಕ್ಕೆ: ಕಡಲೆದುರಿನ ಬಹುಮಹಡಿ ಕಟ್ಟಡಗಳು ಕುಡಿದವರಂತೆ ಒಂದರತ್ತ ಒಂದು ವಾಲಿ ನಿಂತಿವೆ! ಮೇಲೆ ಮರಳು, ಅದರ ಕೆಳಗೆ ಆಳವಾದ ಮೆತ್ತನೆ ಜೇಡಿ. ಕಳೆದ ಶತಮಾನದ ನಡುವಿನಲ್ಲಿ ಅಡಿಪಾಯವನ್ನು ಮರಳಿನಲ್ಲೇ ನಿಲ್ಲಿಸಿ ಕಟ್ಟಿದರು. ಭಾರಕ್ಕೆ ಜೇಡಿ ಅಮುಕಿ ಮನೆಗಳು ವಾಲಿದವು. ಜನ ಅವುಗಳಲ್ಲೇ ವಾಸವಿದ್ದಾರೆ. "ನಮ್ಮಲ್ಲಿ ಗುಡ್ಡ ಜಾರುತ್ತೆ, ಅಲ್ಲಿ ಮನೆ ವಾಲುತ್ತೆ" ಎಂದಳು ಅಸ್ಸಾಮಿನ ಹುಡುಗಿ. ಗುಡ್ಡ ಅಲ್ಲಿಯೂ ಜಾರುತ್ತದೆ. 2023ರ ಫೆಬ್ರವರಿಯಲ್ಲಿ ಸಾಂತೋಸ್‌ಗೆ ಹತ್ತಿರದ ಬೆರ್ಟಿಯೋಗದಲ್ಲಿ ಒಂದೇ ದಿನದಲ್ಲಿ 680 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯಿತು. ಅದೇ ಕರಾವಳಿಯ ಸಾವೊ ಸೆಬಾಸ್ಟಿಯಾವೊದಲ್ಲಿ ಬೆಟ್ಟ ಕುಸಿದು ಅರವತ್ತಕ್ಕೂ ಹೆಚ್ಚು ಜನ ಸತ್ತರು.

ಹಡಗಿನ ಎದುರು

ಮಧ್ಯಾಹ್ನ ಪಣಂಬೂರು ಕಡಲ ಕಿನಾರೆಗೆ ಬಂದೆವು. ಬಂದರಿನ ಗೋಡೆಯಾಚೆ ಹಡಗು ನಿಂತಿತ್ತು. ಮಕ್ಕಳು ಅದನ್ನು ಮೊದಲು ಕಟ್ಟಡವೆಂದೇ ತಿಳಿದರು. ಬಿಳಿ ಮಹಡಿಗಳು, ಸಾಲು ಕಿಟಕಿಗಳು. ಕೈಯಲ್ಲಿದ್ದ ಮೊಳೆ ನೀರಿಗೆ ಬಿದ್ದರೆ ಮುಳುಗುತ್ತದೆ, ಸಾವಿರಾರು ಟನ್ ಉಕ್ಕಿನ ಈ ಊರು ತೇಲುತ್ತದೆ. ತಾನು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ತನ್ನ ತೂಕ ಸಮವಾದಲ್ಲಿ ಹಡಗು ನಿಲ್ಲುತ್ತದೆ. ಆರ್ಕಿಮಿಡೀಸನ ಸೂತ್ರವನ್ನು ಎಷ್ಟು ಬಾರಿ ಕಪ್ಪುಹಲಗೆಯ ಮೇಲೆ ಬರೆದಿದ್ದೇನೋ. ಅದರ ಎದುರು ನಿಂತದ್ದು ನನಗೂ ಅದೇ ಮೊದಲು.

ಈ ಬಂದರು ಪ್ರಕೃತಿ ಕೊಟ್ಟದ್ದಲ್ಲ. ಉಳ್ಳಾಲ ಶ್ರೀನಿವಾಸ ಮಲ್ಯರ ಹಟದ ಫಲವಾಗಿ ಪಣಂಬೂರಿನ ಮರಳನ್ನು ತೋಡಿ ಒಳಗೆ ಕಡಲನ್ನು ಕರೆತಂದರು. 1974ರ ಮೇ 4ರಂದು ಇದು ದೇಶದ 9ನೆಯ ಪ್ರಮುಖ ಬಂದರಾಯಿತು. 1975ರ ಜನವರಿ 11ರಂದು ಪ್ರಧಾನಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಕಡಲ ತಳದಲ್ಲಿ ಸುಮಾರು ಏಳೂವರೆ ಕಿಲೋಮೀಟರ್ ಉದ್ದದ ಕಾಲುವೆ ತೋಡಿ ಹಡಗಿಗೆ ದಾರಿ ಮಾಡಿದ್ದಾರೆ. ಮಳೆಗಾಲದಲ್ಲಿ ತುಂಬುವ ಹೂಳನ್ನು ವರ್ಷ ವರ್ಷವೂ ಎತ್ತಬೇಕು. ಕುದುರೆಮುಖದ ಅದಿರು ಕೂಡ, 2005ರ ಕೊನೆಗೆ ಗಣಿ ನಿಲ್ಲುವವರೆಗೆ, 67 ಕಿಲೋಮೀಟರ್ ಕೊಳವೆಯಲ್ಲಿ ಕೆಸರಾಗಿ ಹರಿದು ಇಲ್ಲಿಗೇ ಬರುತ್ತಿತ್ತು.

ನಮ್ಮ ಕಾಫಿಯೂ ಇಲ್ಲಿಂದ ಕಂಟೇನರಿನಲ್ಲಿ ಹೊರಡುತ್ತದೆ. ಹಿಂದೆ ಎತ್ತಿನ ಗಾಡಿಯಲ್ಲಿ ಘಟ್ಟ ಇಳಿದು, ಹಾಯಿಹಡಗು ಹತ್ತಿ, ಆಫ್ರಿಕದ ತುದಿ ಸುತ್ತಿ ಯೂರೋಪಿಗೆ ಹೋಗುತ್ತಿತ್ತು. ತಿಂಗಳುಗಟ್ಟಲೆಯ ಆ ಪಯಣದಲ್ಲಿ ಬೀಜ ತೇವ ಕುಡಿದು, ಉಬ್ಬಿ, ಹೊಂಬಣ್ಣಕ್ಕೆ ತಿರುಗಿ, ಹುಳಿ ಕಡಿಮೆಯಾಗಿ ಬೇರೆಯೇ ರುಚಿ ಬರುತ್ತಿತ್ತಂತೆ. 1869ರಲ್ಲಿ ಸೂಯೆಜ್ ಕಾಲುವೆ ತೆರೆದು ದಾರಿ ಹತ್ತಿರವಾದಾಗ ಕುಡಿಯುವವರಿಗೆ ಆ ರುಚಿ ಸಿಗದಾಯಿತು. ಅದಕ್ಕಾಗಿ ಇಂದಿಗೂ ಕರಾವಳಿಯ ಗೋದಾಮುಗಳಲ್ಲಿ ಮಳೆಗಾಲದ ಗಾಳಿಗೆ ಬೀಜ ಹರಡಿ 'ಮಾನ್ಸೂನ್ಡ್ ಮಲಬಾರ್' ಕಾಫಿ ಮಾಡುತ್ತಾರೆ. ನಮ್ಮ ಕಣದಲ್ಲಿ ಮಳೆ ಬಂದರೆ ಅದು ನಷ್ಟ. ಇಲ್ಲಿ ಮಳೆಗಾಳಿಯೇ ಬೆಲೆ.

ಹಿಮ ಬಿದ್ದ ವರ್ಷ

ಮರಳಿನ ಮೇಲೆ ಕುಳಿತು ಚಿತ್ರಾನ್ನ ತಿನ್ನುತ್ತಿದ್ದಾಗ ನನ್ನದೊಂದು ಕಥೆ ಹೇಳಿದೆ. ಇದನ್ನು ತರಗತಿಯಲ್ಲಿ ಎಂದೂ ಹೇಳಿರಲಿಲ್ಲ.

1994ರ ಜೂನ್, ಜುಲೈ. ನಮ್ಮಲ್ಲಿ ಮುಂಗಾರು, ಭೂಮಧ್ಯರೇಖೆಯ ಆಚೆ ಬ್ರೆಜಿಲ್‌ನಲ್ಲಿ ಚಳಿಗಾಲ. ಮೋಡವಿಲ್ಲದ ರಾತ್ರಿ, ದಕ್ಷಿಣ ಧ್ರುವದ ಕಡೆಯ ತಣ್ಣನೆ ಗಾಳಿ. ನೆಲದ ಕಾವೆಲ್ಲ ಆಕಾಶಕ್ಕೆ ಹೋಗಿ ಎಲೆಯೊಳಗಿನ ನೀರು ಹೆಪ್ಪುಗಟ್ಟಿತು. ಎರಡು ಬಾರಿ ಹಿಮ ಬಿದ್ದು ಅಲ್ಲಿಯ ಕಾಫಿ ಸುಟ್ಟುಹೋಯಿತು. ಜಗತ್ತಿನ ಕಾಫಿಯಲ್ಲಿ ಅತಿ ದೊಡ್ಡ ಪಾಲು ಬ್ರೆಜಿಲ್‌ನದು. ಕೆಲವೇ ತಿಂಗಳಲ್ಲಿ ದರ ಎರಡು ಪಟ್ಟಾಯಿತು. ಕಾಫಿ ಬೋರ್ಡಿನ ಪೂಲು ಪದ್ಧತಿಯ ಕಟ್ಟು ಸಡಿಲವಾಗುತ್ತಿದ್ದ ಕಾಲವೂ ಅದೇ. ಸಕಲೇಶಪುರದ ಪೇಟೆಯಲ್ಲಿ ಹೊಸ ಜೀಪುಗಳು ಕಂಡವು. ನಮ್ಮ ಮೂರು ಎಕರೆಯ ಪಾರ್ಚ್‌ಮೆಂಟ್ ಮಾರಿದ ದುಡ್ಡಿನಲ್ಲಿ ಅಪ್ಪ ಹಳೆಯ ಸಾಲ ತೀರಿಸಿ, ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತಿದ್ದ ನನ್ನ ಬಿ.ಎಡ್. ಫೀಸು ಕಟ್ಟಿದರು. "ಬ್ರೆಜಿಲ್‌ನಲ್ಲಿ ಹಿಮ ಬಿದ್ರೆ ನಮಗೆ ಹಬ್ಬ" ಎಂಬುದು ಆಗ ನಮ್ಮೂರಿನ ಮಾತು. ನಾನು ಮೇಷ್ಟ್ರಾದದ್ದು ಆ ಹಿಮದಿಂದ.

ಅದರ ಇನ್ನೊಂದು ಮುಖವನ್ನೂ ಹೇಳಿದೆ. ಎಂಟು ವರ್ಷ ಕಳೆಯುವುದರೊಳಗೆ ಬ್ರೆಜಿಲ್ ಚೇತರಿಸಿತು, ವಿಯೆಟ್ನಾಂ ಹೊಸದಾಗಿ ಬೆಳೆಯಿತು, ಕಾಫಿ ದರ ಪಾತಾಳಕ್ಕಿಳಿಯಿತು. ಕೊಯ್ಲಿನ ಕೂಲಿಗೂ ದುಡ್ಡು ಹುಟ್ಟದೆ 2002ರಲ್ಲಿ ಅಪ್ಪ ಒಂದು ಎಕರೆ ಮಾರಿದರು. ಬರೆದುಕೊಟ್ಟು ಬಂದ ದಿನ ಅವರು ಊಟ ಮಾಡಲಿಲ್ಲ. ಈಚೆಗೆ ಮತ್ತೆ ಚಕ್ರ ತಿರುಗಿದೆ. 2021ರ ಜುಲೈಯಲ್ಲಿ ಅಲ್ಲಿ ಹಿಮ, 2024ರಲ್ಲಿ ಬರಗಾಲ. 2025ರ ಫೆಬ್ರವರಿಯಲ್ಲಿ ನ್ಯೂಯಾರ್ಕ್ ಪೇಟೆಯಲ್ಲಿ ಅರೇಬಿಕಾ ದರ ಪೌಂಡಿಗೆ 4 ಡಾಲರ್ ದಾಟಿ ದಾಖಲೆಯಾಯಿತು. ನಮ್ಮೂರಿನವರು ಬೆಳಿಗ್ಗೆ ಎದ್ದು ಮೊಬೈಲಿನಲ್ಲಿ ನೋಡುವುದು ನ್ಯೂಯಾರ್ಕಿನ ಅರೇಬಿಕಾ, ಲಂಡನ್ನಿನ ರೊಬಸ್ಟಾ.

ಎಲ್ಲರೂ ಕೇಳಿ ಸುಮ್ಮನಿದ್ದರು. ಅಸ್ಸಾಮಿನ ಹುಡುಗಿ ಮರಳಿನಲ್ಲಿ ಗೆರೆ ಎಳೆಯುತ್ತ ಕೇಳಿದಳು: "ಸಾರ್, ಆ ವರ್ಷ ಅಲ್ಲಿ ಹಣ್ಣು ಕುಯ್ಯೋರು ಏನು ತಿಂದರು?"

ಮೂವತ್ತು ವರ್ಷಗಳಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ. ಗೊತ್ತಿದ್ದಷ್ಟನ್ನು ಹೇಳಿದೆ. ಅದಕ್ಕೂ ಮೊದಲು, 1975ರ ಜುಲೈಯಲ್ಲಿ, ಪರಾನಾ ಎಂಬ ರಾಜ್ಯದ ಕಾಫಿಯೆಲ್ಲ ಹಿಮಕ್ಕೆ ಕಪ್ಪಾದಾಗ, ತೋಟ ಕಿತ್ತು ಸೋಯಾ, ಹುಲ್ಲುಗಾವಲು ಮಾಡಿದರು. ಲೆಕ್ಕವಿಲ್ಲದಷ್ಟು ಕೂಲಿ ಕುಟುಂಬಗಳು ಗಂಟುಮೂಟೆ ಕಟ್ಟಿ ಪಟ್ಟಣ ಸೇರಿದವು. ಆ ತೋಟಗಳಿಗೆ ಜನ ಬಂದ ಬಗೆಯನ್ನೂ ಹೇಳಿದೆ. ಮೊದಲು ಆಫ್ರಿಕದ ಗುಲಾಮರು. 1888ರಲ್ಲಿ ಗುಲಾಮಗಿರಿ ರದ್ದಾಗುವ ಹೊತ್ತಿಗೆ ಇಟಲಿಯವರು ಬರತೊಡಗಿದ್ದರು. 1908ರ ಜೂನ್ 18ರಂದು 'ಕಸಾತೊ ಮಾರು' ಎಂಬ ಹಡಗು ಜಪಾನಿನಿಂದ 781 ಜನರನ್ನು ಸಾಂತೋಸ್ ಬಂದರಿನಲ್ಲಿ ಇಳಿಸಿತು. ಅವರೆಲ್ಲ ಕಾಫಿ ಕುಯ್ಯಲು ಬಂದವರು. ಇಂದು ಅವರ ಮೊಮ್ಮಕ್ಕಳು ಅಲ್ಲಿ ವೈದ್ಯರು, ಮೇಷ್ಟ್ರು, ಎಲ್ಲವೂ ಆಗಿದ್ದಾರೆ.

"ನಾವು ರೈಲಲ್ಲಿ ಬಂದ್ವಿ" ಎಂದಳು ಹುಡುಗಿ. ಅಷ್ಟೇ. ಪಕ್ಕದಲ್ಲಿ ಕುಳಿತ ಬೆಳೆಗಾರರ ಮನೆಯ ಹುಡುಗಿ ತನ್ನ ಡಬ್ಬಿಯ ನಿಪ್ಪಟ್ಟನ್ನು ಅವಳ ಕಡೆಗೆ ಸರಿಸಿದಳು.

ಸಂಜೆ ಎರಡು ಪುಟ್ಟ ಟಗ್ ದೋಣಿಗಳ ಜೊತೆ ಹಡಗು ಹೊರಟಿತು. ದೂರ ಹೋದಂತೆ ಅದರ ಕೆಳಗಿನ ಒಡಲು ಮೊದಲು ನೀರಿನ ಗೆರೆಯ ಹಿಂದೆ ಇಳಿಯಿತು, ಮಹಡಿಗಳು ಆಮೇಲೆ. ಭೂಮಿ ದುಂಡಗಿರುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಆಗ ನಮ್ಮ ಹಳೆಯ ಲೆಕ್ಕ ನೆನಪಾಯಿತು. ಕಣ್ಣಿನ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತ ಎಷ್ಟು ಕಿಲೋಮೀಟರ್ ದೂರವೆಂದು ತಿಳಿಯುತ್ತದೆ. ಮರಳಿನ ಮೇಲೆ ನಿಂತ ಮಗುವಿಗೆ ನಾಲ್ಕು ಕಿಲೋಮೀಟರ್ ಚಿಲ್ಲರೆ. ಮಂಜರಾಬಾದ್ ಕೋಟೆ ಇರುವುದು 988 ಮೀಟರ್ ಎತ್ತರದಲ್ಲಿ. ಅಸ್ಸಾಮಿನ ಹುಡುಗಿ ಮರಳಿನ ಮೇಲೆಯೇ ಗುಣಿಸಿ ಹೇಳಿದಳು: "112 ಸಾರ್!" ಕೋಟೆಯಿಂದ ಕಡಲಿಗೆ ನೇರ ದೂರ ಸುಮಾರು ನೂರು ಕಿಲೋಮೀಟರ್. ಅಂದರೆ ಕಡಲು ಕಣ್ಣಳತೆಯೊಳಗೇ ಇದೆ, ಕೂದಲೆಳೆಯಲ್ಲಿ. ಮಂಜು ಸರಿಯಬೇಕಷ್ಟೆ. ಇಪ್ಪತ್ತೇಳು ವರ್ಷದ ನನ್ನ ಮಾತು ಸುಳ್ಳಲ್ಲವೆಂದು ಒಬ್ಬ ವಿದ್ಯಾರ್ಥಿನಿ ಲೆಕ್ಕ ಮಾಡಿ ತೋರಿಸಿದಳು.

ಏರುವ ದಾರಿ

ಮರಳುವಾಗ ಬಾಟಲಿಗಳನ್ನು ಮಂಗಳೂರಿನಲ್ಲಿ ತೆರೆದು, ಕಡಲ ಗಾಳಿ ತುಂಬಿಸಿ, ಮತ್ತೆ ಮುಚ್ಚಿಸಿದೆ. ರೈಲು ಏರುತ್ತಿದ್ದಾಗ ಮಾತು ನೀರಿನ ಕಡೆಗೆ ಹೊರಳಿತು. ಬಿಸಿಲೆ ಘಟ್ಟದ ಬಳಿಯ ಮಂಕನಹಳ್ಳಿಯ ದಿಣ್ಣೆಯ ಒಂದು ಮಗ್ಗುಲಿಗೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೆ, ಇನ್ನೊಂದು ಮಗ್ಗುಲಿಗೆ ಬಿದ್ದದ್ದು ಬಂಗಾಳಕೊಲ್ಲಿಗೆ. ನಮ್ಮ ಹೇಮಾವತಿ ಪಶ್ಚಿಮದ ಕಡಲಿಗೆ ಅಷ್ಟು ಹತ್ತಿರ ಹುಟ್ಟಿಯೂ ಬೆನ್ನು ತಿರುಗಿಸಿ, 245 ಕಿಲೋಮೀಟರ್ ಹರಿದು ಕಾವೇರಿ ಸೇರುತ್ತದೆ. ಸಾಂತೋಸ್ ಮೇಲಿನ ಬೆಟ್ಟದಲ್ಲೂ ಥೇಟ್ ಹೀಗೆಯೇ ಒಂದು ನದಿ. ತಿಯೆಟೆ ಎಂಬ ಅದು ಅಟ್ಲಾಂಟಿಕ್‌ಗೆ ಬರೀ 22 ಕಿಲೋಮೀಟರ್ ದೂರದಲ್ಲಿ ಹುಟ್ಟಿ, ಕಡಲಿಗೆ ಬೆನ್ನು ಹಾಕಿ ಒಳನಾಡಿಗೆ ಸುಮಾರು 1,100 ಕಿಲೋಮೀಟರ್ ಹರಿದು ಪರಾನಾ ನದಿ ಸೇರುತ್ತದೆ. ಆ ನೀರು ಕಡಲು ಕಾಣುವುದು ದೂರದ ಬ್ಯೂನಸ್ ಐರಿಸ್ ಬಳಿ.

ಅಲ್ಲಿಯವರು ಒಳನಾಡಿಗೆ ಹರಿಯುವ ನೀರನ್ನು ತಡೆದು ಕಡಲ ಕಡೆಗೆ ತಿರುಗಿಸಿದರು. 700 ಮೀಟರಿಗೂ ಎತ್ತರದಿಂದ ಅದನ್ನು ಧುಮುಕಿಸಿ, ಸಾಂತೋಸ್ ಪಕ್ಕದ ಕುಬಟಾವೊದಲ್ಲಿ 1926ರಿಂದ ವಿದ್ಯುತ್ ತೆಗೆದರು. ನಮ್ಮಲ್ಲಿ ಇದು ತಿರುವುಮುರುವು. ಕಡಲಿಗೆ ಹರಿಯುವ ಎತ್ತಿನಹೊಳೆಯ ನೀರನ್ನು ಮೇಲೆತ್ತಿ ಪೂರ್ವದ ಬಯಲುಸೀಮೆಗೆ ಒಯ್ಯುವ ಯೋಜನೆಯ ಮೊದಲ ಹಂತ 2024ರ ಸೆಪ್ಟೆಂಬರ್ 6ರಂದು ಸಕಲೇಶಪುರ ತಾಲೂಕಿನಲ್ಲೇ ಚಾಲನೆಗೊಂಡಿತು. "ಒಳ್ಳೇದಾ ಕೆಟ್ಟದ್ದಾ ಸಾರ್?" ಎಂದರು ಮಕ್ಕಳು. ಬಾಯಾರಿದ ಕೋಲಾರದ ಮಗುವನ್ನೂ ಕೇಳಬೇಕು, ನೇತ್ರಾವತಿಯ ದಡದ ಮಗುವನ್ನೂ ಕೇಳಬೇಕು, ಕಾಡನ್ನೂ ಕೇಳಬೇಕು ಎಂದೆ. ಹಿಂದಿನ ದಿನವಾಗಿದ್ದರೆ ಈ ಉತ್ತರ ನನಗೆ ಹೊಳೆಯುತ್ತಿರಲಿಲ್ಲವೇನೋ.

ಮಕ್ಕಳನ್ನು ಕರೆದೊಯ್ಯುವ ಪೋಷಕರಿಗೆ ಒಂದೆರಡು ಮಾತು. ರಾತ್ರಿ ರೈಲು ಬೇಡ, ಹಗಲು ರೈಲನ್ನೇ ಹಿಡಿಯಿರಿ. ಘಟ್ಟವೇ ಅರ್ಧ ಪಾಠ. ಬೋಗಿಯ ಬಾಗಿಲಲ್ಲಿ ನಿಲ್ಲಿಸಬೇಡಿ. ಹಳಿಯ ಮೇಲೆ ನಡೆಯುವುದು ಅಪರಾಧ, ಅಪಾಯ ಕೂಡ. ಬಂದರಿನ ಒಳಗೆ ಹೋಗಲು ಮೊದಲೇ ಅನುಮತಿ ಬೇಕು. ಇಲ್ಲದಿದ್ದರೂ ಪಣಂಬೂರು ಕಿನಾರೆಯಿಂದ ಹಡಗು ಕಾಣುತ್ತದೆ. ನೀರಿಗೆ ಮಾತ್ರ ಮಕ್ಕಳನ್ನು ಇಳಿಸಬೇಡಿ. ಖಾಲಿ ಬಾಟಲಿ ಮರೆಯಬೇಡಿ.

ಸಕಲೇಶಪುರದಲ್ಲಿ ಇಳಿದಾಗ ಕತ್ತಲಾಗಿತ್ತು, ಚಳಿ ಹಿಡಿದಿತ್ತು. ಬಾಟಲಿಗಳು ಈಗ ಗಟ್ಟಿಯಾಗಿ ಉಬ್ಬಿದ್ದವು. ಪ್ಲಾಟ್‌ಫಾರಮ್ಮಿನ ದೀಪದಡಿ ಎಲ್ಲರೂ ಒಟ್ಟಿಗೆ ಮುಚ್ಚಳ ತಿರುಗಿಸಿದರು. ಬುಸ್ಸೆಂದು ಇಪ್ಪತ್ತೊಂದು ಬಾಟಲಿ ಕಡಲ ಗಾಳಿಯನ್ನು ಬಿಟ್ಟವು. ಅಸ್ಸಾಮಿನ ಹುಡುಗಿ ಮಾತ್ರ ತೆರೆಯಲಿಲ್ಲ. ಅಮ್ಮನ ಮುಂದೆ ತೆರೆಯಬೇಕಂತೆ.

ಕುಯ್ಲು ಮುಗಿದ ಮೇಲೆ ಅವಳ ತಂದೆ ಶಾಲೆಗೆ ಬಂದಿದ್ದರು. ಪರೀಕ್ಷೆ ಮುಗಿಯುವವರೆಗಂತೂ ಇರುತ್ತೇವೆ ಎಂದರು. ಆಮೇಲಿನದು ಆಮೇಲೆ. ಕಸಿ ಕೆಲಸಕ್ಕೆ ಜನ ಬೇಕೆಂದಿದ್ದ ಬೆಳೆಗಾರರೊಬ್ಬರ ಬಳಿ ನಾನೂ ಹೋಗಿ ಮಾತಾಡಿ ಬಂದಿದ್ದೇನೆ. ಹಣ್ಣು ಹರಡಲು ಜನ ಇಲ್ಲ ಎಂದಿದ್ದವರೇ ಅವರು. "ನೋಡೋಣ ಮೇಷ್ಟ್ರೇ" ಎಂದಿದ್ದಾರೆ. ಅವರ ಮಗಳೇ ನಿಪ್ಪಟ್ಟು ಸರಿಸಿದವಳು.